ನಗರದ ಉಷ್ಣಾಂಶ, ನಮ್ಮ ಹೊಲದ ಮಳೆ

ಭಾದ್ರಪದ ಕಳೆದು ಆಶ್ವಯುಜ ಕಾಲಿಡುವ ಹೊತ್ತಿಗೆ ಬೆಂಗಳೂರಿನ ಹವಾಮಾನ ಹವ್ಯಾಸಿಗಳಿಗೆ ಬಿಡುವೇ ಇರುವುದಿಲ್ಲ. ಇವರು ವೃತ್ತಿಯಿಂದ ಪವನಶಾಸ್ತ್ರಜ್ಞರಲ್ಲ. ಮನೆಯ ತಾರಸಿಯ ಮೇಲೆ ಮಳೆಮಾಪಕವನ್ನೂ ಉಷ್ಣಮಾಪಕವನ್ನೂ ಇಟ್ಟುಕೊಂಡು, ದಿನವೂ ಅಂಕಿಗಳನ್ನು ಬರೆದಿಡುವುದು ಇವರ ಹವ್ಯಾಸ. ಇಂದು ಹಗಲಿನ ಉಷ್ಣಾಂಶ 28 ಡಿಗ್ರಿ ದಾಟಿತೇ, ರಾತ್ರಿ 19ಕ್ಕೆ ಇಳಿಯುವುದೇ, ಮುಂಗಾರು ಹಿಂದೆ ಸರಿಯಲು ಇನ್ನೆಷ್ಟು ದಿನ ಬೇಕು, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯುವ ಸೂಚನೆ ಇದೆಯೇ ಎಂದು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಒಂದು ದೇಶದ ಗಣಕಯಂತ್ರ ಮಳೆ ಎಂದರೆ ಇನ್ನೊಂದು ದೇಶದ ಗಣಕಯಂತ್ರ ಬಿಸಿಲು ಎನ್ನುತ್ತದೆ. ಯಾವುದನ್ನು ನಂಬಬೇಕೆಂಬ ವಾದವೂ ನಡೆಯುತ್ತದೆ.

ಮೊಬೈಲ್ ಫೋನಿನ ಮೂಲಕ ಈ ಮಾತು ಈಗ ಹಳ್ಳಿಯ ಜಗಲಿಗೂ ಬಂದಿದೆ. ಇದನ್ನು ಕೇಳುವ ರೈತರಲ್ಲಿ ಎರಡು ಬಗೆಯವರನ್ನು ಕಾಣುತ್ತೇವೆ. ತಂಪು ಬಿಸಿಯ ಲೆಕ್ಕ ಹಾಕುತ್ತ ಕೂರುವುದು ಹೊಟ್ಟೆ ತುಂಬಿದವರ ಕೆಲಸವೆಂದು ನಗುವವರು ಒಂದು ಬಗೆ. ನಗರದವರು ಹೇಳಿದ ಅಂಕಿಯನ್ನೇ ನಂಬಿ ಕೊಯ್ಲನ್ನು ಮುಂದೂಡುವವರು, ಬಿತ್ತನೆಗೆ ಅವಸರ ಮಾಡುವವರು ಇನ್ನೊಂದು ಬಗೆ. ಎರಡೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ನಗರದ ಹವ್ಯಾಸಿಯಿಂದ ರೈತನು ತೆಗೆದುಕೊಳ್ಳಬೇಕಾದುದು ಅವನ ಅಂಕಿಗಳನ್ನಲ್ಲ, ಅವನ ಅಭ್ಯಾಸವನ್ನು.

ಆ ಅಂಕಿ ಎಲ್ಲಿಯದು?

ಹವಾಮಾನ ಕೇಂದ್ರದಲ್ಲಿ ಉಷ್ಣಮಾಪಕವನ್ನು ಬಿಳಿ ಬಣ್ಣ ಬಳಿದ, ಎಲ್ಲ ಕಡೆಯಿಂದ ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ ಇಡುತ್ತಾರೆ. ಬಿಸಿಲು ನೇರವಾಗಿ ತಾಗದಂತೆ, ಎಲ್ಲ ಊರುಗಳ ಅಂಕಿಗಳನ್ನು ಒಂದರೊಡನೊಂದು ಹೋಲಿಸಲು ಬರುವಂತೆ ಮಾಡಿದ ಕಟ್ಟುಪಾಡು ಇದು. ಆದರೆ ಪೆಟ್ಟಿಗೆ ಒಂದೇ ಬಗೆಯದಾದರೂ ಅದರ ಸುತ್ತಲಿನ ನೆಲ ಒಂದೇ ಬಗೆಯದಲ್ಲ. ನಗರದ ಕಾಂಕ್ರೀಟು, ಡಾಂಬರು, ಗೋಡೆಗಳು ಹಗಲಿನ ಶಾಖವನ್ನು ಹೀರಿಟ್ಟುಕೊಂಡು ರಾತ್ರಿಯಿಡೀ ಹೊರಬಿಡುತ್ತವೆ. ಆದುದರಿಂದ ಮೋಡವಿಲ್ಲದ, ಗಾಳಿ ನಿಂತ ರಾತ್ರಿಗಳಲ್ಲಿ ನಗರಕ್ಕಿಂತ ಸುತ್ತಲಿನ ಹೊಲಗಳು ಒಂದೆರಡು ಡಿಗ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ತಂಪಾಗಿರುತ್ತವೆ. ಹಿಂಗಾರಿನಲ್ಲಿ ಇಂಥ ರಾತ್ರಿಗಳು ಅನೇಕ.

ಹೊಲದೊಳಗೂ ಉಷ್ಣಾಂಶ ಒಂದೇ ಸಮ ಇರುವುದಿಲ್ಲ. ಪುಣೆಯಲ್ಲಿ 1932ರಲ್ಲಿ ಆರಂಭವಾದ ಕೃಷಿ ಹವಾಮಾನ ವಿಭಾಗವನ್ನು ಕಟ್ಟಿದ ಡಾ. ಎಲ್.ಎ. ರಾಮದಾಸ್ ಅವರು ಅದೇ ಕಾಲದಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ನಿರ್ಮಲವಾದ ರಾತ್ರಿಯಲ್ಲಿ ಬರಿ ನೆಲದ ಮೇಲೆ ಅತ್ಯಂತ ತಂಪಾದ ಗಾಳಿ ನೆಲಕ್ಕೆ ತಾಗಿಕೊಂಡಿರದೆ, ಅದಕ್ಕಿಂತ ಸ್ವಲ್ಪ ಮೇಲೆ ಇರುತ್ತದೆ. ಗಿಡದ ಎಲೆ ತೆನೆಗಳು ಇರುವುದು ಇಂಥ ಪದರಗಳಲ್ಲಿಯೇ. ನಾಲ್ಕಡಿ ಎತ್ತರದ ಪೆಟ್ಟಿಗೆ ತೋರಿಸುವ ಅಂಕಿ ಗಿಡ ಅನುಭವಿಸುವ ಉಷ್ಣಾಂಶವಲ್ಲ ಎಂಬುದನ್ನು ಇದರಿಂದ ತಿಳಿಯಬಹುದು.

ಹೂಬಿಡುತ್ತಿರುವ ರಾಗಿಯನ್ನು ತೆಗೆದುಕೊಳ್ಳಿ. ನಗರದಲ್ಲಿ ನಿನ್ನೆಗಿಂತ ಒಂದು ಡಿಗ್ರಿ ತಂಪಾಯಿತೆಂಬುದರಿಂದ ಅದಕ್ಕೆ ಹೆಚ್ಚು ವ್ಯತ್ಯಾಸವಾಗದು. ಅದರ ಎಲೆ ತೆನೆಗಳು ಇಬ್ಬನಿಯಿಂದಲೋ ತುಂತುರಿನಿಂದಲೋ ಎಷ್ಟು ಹೊತ್ತು ಒದ್ದೆಯಾಗಿದ್ದವು ಎಂಬುದೇ ಮುಖ್ಯ. ಮೋಡ ಕವಿದ ವಾತಾವರಣ, ಹೆಚ್ಚಿನ ತೇವಾಂಶ, ಬಹಳ ಹೊತ್ತು ಆರದ ಎಲೆ ಇವು ಕೂಡಿದಾಗ ಬೆಂಕಿರೋಗ ಕುತ್ತಿಗೆಗೂ ಇಲುಕುಗಳಿಗೂ ಏರುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋಗಿ, ಎಲೆ ಎಷ್ಟು ಗಂಟೆಗೆ ಆರಿತೆಂದು ನೋಡುವ ರೈತನಿಗೆ ನಗರದ ಯಾವ ಚರ್ಚೆಯಿಂದಲೂ ಸಿಗದ ತಿಳಿವಳಿಕೆ ಸಿಗುತ್ತದೆ.

ಕುರುಡು ಚಿತ್ತೆ

ಉಷ್ಣಾಂಶದ ಮಾತು ಹೀಗಾದರೆ ಮಳೆಯ ಮಾತು ಇನ್ನೂ ಸೂಕ್ಷ್ಮ. ಈ ಕಾಲದಲ್ಲಿ ಒಳನಾಡಿನ ಮಳೆ ಬಹುಪಾಲು ಮಧ್ಯಾಹ್ನದ ಬಿಸಿಲಿಗೆ ಗಾಳಿ ಮೇಲೆದ್ದು ಸಂಜೆ ಸಿಡಿಲು ಗುಡುಗಿನೊಡನೆ ಸುರಿಯುವಂಥದು. ಒಂದು ಮೋಡ ಕೆಲವೇ ಮೈಲಿ ಅಗಲದ ಪ್ರದೇಶವನ್ನು ನೆನೆಸಿ ಮುಗಿದುಹೋಗುತ್ತದೆ. ನಮ್ಮ ಹಿರಿಯರು ಇದನ್ನು ಕಂಡೇ ಚಿತ್ತೆಯನ್ನು ಕುರುಡು ಚಿತ್ತೆ ಎಂದರು. ಅದು ಎರಚಿದತ್ತ ಬೆಳೆ.

2022ರ ಸೆಪ್ಟೆಂಬರ್ 5ರ ಬೆಳಿಗ್ಗೆ ಕೊನೆಗೊಂಡ 24 ಗಂಟೆಗಳಲ್ಲಿ ಬೆಂಗಳೂರಿನಲ್ಲಿ 130 ಮಿ.ಮೀ.ಗೂ ಹೆಚ್ಚು ಮಳೆ ಸುರಿದು, ನಗರದ ಪೂರ್ವ ಭಾಗದ ಬಡಾವಣೆಗಳು ಜಲಾವೃತವಾದವು. ಆ ಸುದ್ದಿ ದೇಶವೆಲ್ಲ ಹಬ್ಬಿತು. ಆದರೆ ಆ ಒಂದು ಅಂಕಿಯಿಂದ ಪಾವಗಡದ ಕಡಲೆಕಾಯಿ ಹೊಲದ ಬಗ್ಗೆಯಾಗಲಿ, ಸುಮಾರು 500 ಕಿ.ಮೀ. ದೂರದ ವಿಜಯಪುರದ ಎರೆ ಭೂಮಿಯ ಬಗ್ಗೆಯಾಗಲಿ ಏನೂ ತಿಳಿಯುವುದಿಲ್ಲ.

ಮುನ್ಸೂಚನೆ ನೀಡುವ ಗಣಕಯಂತ್ರಗಳೂ ಈ ಮಿತಿಯನ್ನು ಪೂರ್ತಿ ದಾಟಿಲ್ಲ. ನಮ್ಮ ದೇಶದಲ್ಲಿ 2025ರ ಮೇ ತಿಂಗಳಿನಲ್ಲಿ ಬಳಕೆಗೆ ತಂದ ಹೊಸ ಮುನ್ಸೂಚನಾ ವ್ಯವಸ್ಥೆ ಭೂಮಿಯನ್ನು 6 ಕಿ.ಮೀ. ಅಳತೆಯ ಚೌಕಗಳಾಗಿ ವಿಂಗಡಿಸುತ್ತದೆ. ಹಿಂದೆ ಈ ಚೌಕ 12 ಕಿ.ಮೀ. ಇತ್ತು. ಇದು ದೊಡ್ಡ ಸುಧಾರಣೆ. ಹಾಗಿದ್ದರೂ ಅಂಥ ಒಂದು ಚೌಕದಲ್ಲಿ ಸುಮಾರು 8,900 ಎಕರೆ ಇರುತ್ತದೆ. ಅದರಲ್ಲಿ ನಿಮ್ಮದು ನಾಲ್ಕು ಎಕರೆ.

ಮುನ್ಸೂಚನೆಯ ಮಾತನ್ನು ತಿಳಿಯಬೇಕು

ಮುನ್ಸೂಚನೆ ಸುಳ್ಳಾಯಿತೆಂದು ದೂರುವವರಲ್ಲಿ ಅನೇಕರು ಅದರ ಪದಗಳ ಅರ್ಥವನ್ನು ಗಮನಿಸಿರುವುದಿಲ್ಲ. ಹವಾಮಾನ ಇಲಾಖೆ ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25 ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಲ್ಲಿ ಮಳೆ ಎಂದರ್ಥ. ‘ಕೆಲವು ಕಡೆ’ ಎಂದರೆ ಶೇ. 26ರಿಂದ 50, ‘ಹಲವು ಕಡೆ’ ಎಂದರೆ ಶೇ. 51ರಿಂದ 75, ‘ಬಹುತೇಕ ಕಡೆ’ ಎಂದರೆ ಅದಕ್ಕೂ ಹೆಚ್ಚು. ಹಾಗೆಯೇ ಒಂದು ದಿನದಲ್ಲಿ 15.6ರಿಂದ 64.4 ಮಿ.ಮೀ. ಆದರೆ ಸಾಧಾರಣ ಮಳೆ, 64.5 ಮಿ.ಮೀ. ಮುಟ್ಟಿದ ಮೇಲೆ ಭಾರಿ ಮಳೆ. ‘ಒಂದೆರಡು ಕಡೆ ಭಾರಿ ಮಳೆ’ ಎಂದು ಹೇಳಿದ ದಿನ ನಾಲ್ಕರಲ್ಲಿ ಮೂರು ಹಳ್ಳಿ ಒಣಗಿದ್ದರೂ ಆ ಮಾತು ತಪ್ಪಲ್ಲ. ನಗರದ ಹವ್ಯಾಸಿಗೆ ಈ ಪದಗಳು ಬಾಯಿಪಾಠ. ಜೀವನವೇ ಮಳೆಯ ಮೇಲೆ ನಿಂತಿರುವ ನಮಗೆ ಅದಕ್ಕಿಂತ ಹೆಚ್ಚಾಗಿ ಗೊತ್ತಿರಬೇಕು.

ಒಂದೇ ಮುನ್ಸೂಚನೆ ಎಲ್ಲ ಬೆಳೆಗೂ ಒಂದೇ ಅರ್ಥ ಕೊಡುವುದಿಲ್ಲ ಎಂಬುದು ಇನ್ನೂ ಮುಖ್ಯವಾದ ವಿಷಯ. ಮುಂದಿನ ಎರಡು ದಿನ ಕೆಲವು ಕಡೆ ಸಾಧಾರಣ ಮಳೆ ಎಂದು ಹೇಳಿದ್ದಾರೆಂದು ಇಟ್ಟುಕೊಳ್ಳಿ. ನಗರದವನು ಕೊಡೆ ಹಿಡಿದು ಹೊರಟರೆ ಮುಗಿಯಿತು. ಮಳೆ ಬಾರದಿದ್ದರೂ ಅವನಿಗೆ ನಷ್ಟವಿಲ್ಲ. ಕಡಲೆಕಾಯಿ ಬಲಿತು ನಿಂತಿರುವ ರೈತನ ಸ್ಥಿತಿ ಬೇರೆ. ಟಿ.ಎಂ.ವಿ.-2ರಂಥ ಗೊಂಚಲು ತಳಿಗಳ ಬೀಜಕ್ಕೆ ಸುಪ್ತಾವಸ್ಥೆ ಇಲ್ಲ; ಬಲಿತ ಮೇಲೆ ಮಳೆ ಹಿಡಿದರೆ ನೆಲದಲ್ಲಿಯೇ ಮೊಳೆಯುತ್ತವೆ. ಕಿತ್ತು ಹರಡಿದ ಮೇಲೆ ನೆನೆದರೆ ಬೂಷ್ಟು ಹಿಡಿದು, ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವ ಭಯವಿದೆ. ಇಂಥ ಸಂದರ್ಭದಲ್ಲಿ ಹೊಲವನ್ನೆಲ್ಲ ಒಮ್ಮೆಗೇ ಕೀಳುವುದೂ ತಪ್ಪು, ಕೈಕಟ್ಟಿ ಕೂರುವುದೂ ತಪ್ಪು. ಮನೆಯಲ್ಲಿರುವ ಟಾರ್ಪಾಲು ಎಷ್ಟನ್ನು ಮುಚ್ಚಬಲ್ಲದೋ ಅಷ್ಟನ್ನು ಮಾತ್ರ ಕೀಳುವುದು ವಿವೇಕ.

ಹಿಂಗಾರಿ ಜೋಳ ಬಿತ್ತುವವನಿಗೆ ಅದೇ ಮುನ್ಸೂಚನೆ ಆಸೆ ಹುಟ್ಟಿಸುತ್ತದೆ. ಆದರೆ ಎರೆಮಣ್ಣಿನಲ್ಲಿ ಜೋಳ ಬೆಳೆಯುವುದು ಮುಂದೆ ಬರುವ ಮಳೆಯಿಂದಲ್ಲ, ನೆಲದಲ್ಲಿ ಸಂಗ್ರಹವಾದ ತೇವದಿಂದ. ಅವನು ಆಕಾಶಕ್ಕಿಂತ ಮೊದಲು ನೆಲವನ್ನು ಅಗೆದು, ತೇವ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಬೇಕು. ತೇವ ಸಾಕಷ್ಟಿದ್ದರೆ ಮುನ್ಸೂಚನೆಗಾಗಿ ಕಾಯುತ್ತ ಹದ ಕಳೆದುಕೊಳ್ಳಬಾರದು. ಬಿತ್ತನೆ ಅಕ್ಟೋಬರ್ ಮಧ್ಯವನ್ನು ದಾಟಿದಷ್ಟೂ ತೇವ ಕಡಿಮೆ, ಸುಳಿನೊಣದ ಬಾಧೆ ಹೆಚ್ಚು. ರಾಗಿಗೆ ಔಷಧ ಸಿಂಪಡಿಸಬೇಕಾದವನಿಗೆ ಮಾತ್ರ ಅದೇ ಮುನ್ಸೂಚನೆ ಸ್ಪಷ್ಟವಾದ ಎಚ್ಚರಿಕೆ. ಮಳೆಗೆ ಮೊದಲು ಹೊಡೆದ ಔಷಧ ತೊಳೆದುಹೋಗುತ್ತದೆ. ಯಾವ ತಪ್ಪು ತನಗೆ ಹೆಚ್ಚು ದುಬಾರಿ ಎಂಬುದನ್ನು ಪ್ರತಿಯೊಬ್ಬ ರೈತನೂ ತಾನೇ ತೂಗಿ ನೋಡಬೇಕು.

ಒಂದು ಡಬ್ಬಿ, ಒಂದು ಪುಸ್ತಕ

ಹಾಗಾದರೆ ಹವ್ಯಾಸಿಯಿಂದ ಕಲಿಯಬೇಕಾದ ಅಭ್ಯಾಸ ಯಾವುದು? ದಿನವೂ ಅಳೆಯುವುದು, ಬರೆಯುವುದು, ಹೇಳಿದ್ದನ್ನು ಆದದ್ದರೊಡನೆ ಹೋಲಿಸುವುದು, ಇಷ್ಟೇ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಮಳೆಮಾಪಕ ಕೊಳ್ಳಲಾಗದಿದ್ದರೆ ಬಾಯಿಯೂ ತಳವೂ ಒಂದೇ ಅಗಲವಿರುವ, ತಳ ಸಮತಟ್ಟಾದ ಡಬ್ಬಿಯೊಂದು ಸಾಕು. ಮರ ಅಥವಾ ಮನೆಯ ಎತ್ತರದ ಎರಡರಷ್ಟು ದೂರದಲ್ಲಿ, ಬಯಲಿನಲ್ಲಿ ಅದನ್ನು ಅಲುಗಾಡದಂತೆ ನಿಲ್ಲಿಸಿ. ಬೆಳಿಗ್ಗೆ 8.30ಕ್ಕೆ ಸ್ಕೇಲು ಇಳಿಬಿಟ್ಟು ನೀರಿನ ಆಳವನ್ನು ಮಿ.ಮೀ.ಗಳಲ್ಲಿ ಬರೆದುಕೊಂಡು ನೀರನ್ನು ಚೆಲ್ಲಿ. ಇಲಾಖೆಯ ಕೇಂದ್ರಗಳೂ ಅದೇ ಹೊತ್ತಿಗೆ ಅಳೆಯುವುದರಿಂದ ಹೋಲಿಕೆ ಸುಲಭ. ಒಂದು ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಈ ಲೆಕ್ಕ ತಿಳಿದವನು ‘ಒಳ್ಳೆ ಮಳೆ’, ‘ಸುಮಾರು ಮಳೆ’ ಎಂಬ ಮಾತಿನಲ್ಲಿ ತೃಪ್ತನಾಗುವುದಿಲ್ಲ.

ಪುಸ್ತಕದಲ್ಲಿ ನಾಲ್ಕು ಕಲಮುಗಳಿರಲಿ: ದಿನಾಂಕ, ಮುನ್ಸೂಚನೆ, ಬಿದ್ದ ಮಳೆ, ಹೊಲದಲ್ಲಿ ಮಾಡಿದ ಕೆಲಸ. ಮುನ್ಸೂಚನೆಯನ್ನು ಎಲ್ಲೆಲ್ಲಿಂದಲೋ ತೆಗೆದುಕೊಳ್ಳಬೇಡಿ. ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹೆ, 2019ರಲ್ಲಿ ಆರಂಭವಾದ ‘ಮೇಘದೂತ್’ ಮೊಬೈಲ್ ಸೇವೆ, ರಾಜ್ಯದ ‘ವರುಣಮಿತ್ರ’ ದೂರವಾಣಿ ಸೇವೆ ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಅದನ್ನೇ ಪರೀಕ್ಷಿಸಿ. ಚಿತ್ತೆ ಸ್ವಾತಿ ಮುಗಿದ ಮೇಲೆ ಎಣಿಸಿ ನೋಡಿ. ಮಳೆ ಎಂದ ದಿನಗಳಲ್ಲಿ ನಿಮ್ಮ ಡಬ್ಬಿಗೆ ಎಷ್ಟು ದಿನ ನೀರು ಬಿತ್ತು? ಮಳೆಯಿಲ್ಲ ಎಂದ ದಿನಗಳಲ್ಲಿ ಎಷ್ಟು ದಿನ ಬಿತ್ತು? ಕೊಯ್ಲು ಒಕ್ಕಣೆ ಮಾಡುವವನಿಗೆ ಎರಡನೆಯ ಲೆಕ್ಕವೇ ಹೆಚ್ಚು ಬೆಲೆಯುಳ್ಳದ್ದು. ಮರುದಿನದ ಮಾತು ಎಷ್ಟು ನಂಬಿಕೆಗೆ ಅರ್ಹ, ಐದನೆಯ ದಿನದ ಮಾತು ಎಷ್ಟು ಸಡಿಲ ಎಂಬುದೂ ನಿಮ್ಮ ಪುಸ್ತಕದಿಂದಲೇ ತಿಳಿದುಬರುತ್ತದೆ.

ಅಳೆದರೆ ಮಳೆ ಬರುವುದೇ?

ಅಳೆದುಬಿಟ್ಟರೆ ಮಳೆ ಬರುವುದೇ ಎಂದು ಕೆಲವರು ಕೇಳಬಹುದು. ಬರುವುದಿಲ್ಲ. ಆದರೆ ಬಂದ ಮಳೆಯ ಲೆಕ್ಕ ಇಡದವನ ಮಾತು ಕಚೇರಿಗಳಲ್ಲಿ ನಡೆಯುವುದೂ ಇಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ಸಿಗುವುದೂ ಸಿಗದಿರುವುದೂ ಇಂಥ ಮಾಪಕಗಳ ಅಂಕಿಯ ಮೇಲೆ ನಿಂತಿದೆ. ಮಾಪಕದ ಬಾಯಿಗೆ ಎಲೆ ಕಸ ತುಂಬಿದ್ದರೆ, ಪಕ್ಕದಲ್ಲಿ ಮರ ಬೆಳೆದಿದ್ದರೆ, ಅದು ತಪ್ಪು ಹೇಳುತ್ತಿದೆ ಎಂದು ಯಾರಿಗೆ ಗೊತ್ತಾಗಬೇಕು? ನಿಮ್ಮ ಡಬ್ಬಿಯ ಅಂಕಿ ಸರಕಾರಿ ದಾಖಲೆಯಾಗದು. ಆದರೆ ಊರಿನ ಐದಾರು ರೈತರ ಪುಸ್ತಕಗಳು ಒಂದೇ ಮಾತು ಹೇಳಿ, ಪಂಚಾಯಿತಿಯ ಮಾಪಕ ಬೇರೆ ಹೇಳಿದರೆ, ಪರಿಶೀಲಿಸಿ ಎಂದು ಆಗಲೇ ಕೇಳಲು ಅದು ಬಲವಾದ ಆಧಾರ. ಪರಿಹಾರದ ಪಟ್ಟಿ ಬಂದ ಮೇಲೆ ಕೂಗಾಡಿ ಪ್ರಯೋಜನವಿಲ್ಲ.

ಸರಕಾರದ ಹೊಣೆಯೂ ಇಲ್ಲಿ ಇದೆ. ದೇಶದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತೆರೆದಿದ್ದ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ಮುಚ್ಚಲಾಯಿತು. ಗಣಕಯಂತ್ರದ ಅಂಕಿಯನ್ನು ಸ್ಥಳೀಯ ಬೆಳೆಗೆ ಹೊಂದಿಸಿ, ರೈತನ ಮಾತಿನಲ್ಲಿ ಹೇಳುವ ಜನ ಇಲ್ಲದಿದ್ದರೆ ಚೌಕವನ್ನು ಎಷ್ಟು ಚಿಕ್ಕದು ಮಾಡಿದರೂ ಉಪಯೋಗ ಪೂರ್ಣವಾಗದು. ಅಂಥ ಸೇವೆ ಪ್ರತಿ ಜಿಲ್ಲೆಯಲ್ಲಿಯೂ ಇರಬೇಕೆಂದು ರೈತ ಸಂಘಟನೆಗಳು ಕೇಳಬೇಕು. ಪಂಚಾಯಿತಿಗಳು ತಮ್ಮ ಮಾಪಕದ ಅಂಕಿಯನ್ನು ದಿನವೂ ಕಚೇರಿಯ ಹಲಗೆಯ ಮೇಲೆ ಬರೆಯಬೇಕು. ಇದಕ್ಕೆ ಬೇಕಾದುದು ಒಂದು ಸೀಮೆಸುಣ್ಣದ ಕಡ್ಡಿ ಮಾತ್ರ.

ನಗರದ ಹವ್ಯಾಸಿ ಯಾವ ಲಾಭವನ್ನೂ ಬಯಸದೆ, ಬರಿ ಕುತೂಹಲದಿಂದ, ವರ್ಷಗಟ್ಟಲೆ ಮಳೆಯ ಲೆಕ್ಕ ಇಡುತ್ತಾನೆ. ಒಂದು ಮಳೆ ಹೆಚ್ಚು ಕಡಿಮೆಯಾದರೆ ವರ್ಷದ ದುಡಿಮೆಯನ್ನೇ ಕಳೆದುಕೊಳ್ಳುವ ರೈತನು ಲೆಕ್ಕ ಇಡದಿರುವುದು ಸರಿಯೇ? ಮನೆಯಲ್ಲಿ ಶಾಲೆಗೆ ಹೋಗುವ ಮಗ ಮಗಳಿದ್ದರೆ ಈ ಕೆಲಸವನ್ನು ಅವರಿಗೆ ವಹಿಸಿ, ಸಂತೋಷದಿಂದ ಮಾಡುತ್ತಾರೆ. ರೈತ ಬಾಂಧವರು ಬರುವ ಚಿತ್ತೆ ಮಳೆಯಿಂದಲೇ ಇದನ್ನು ಆರಂಭಿಸಬೇಕೆಂದು ಕೋರುತ್ತೇನೆ.