ಯಾವ ಸೆಟ್ಲ್‌ಮೆಂಟ್, ರೈಟರೇ?



ಇಂಗ್ಲಿಷ್ ಬಾರದವರ ಬಾಯಲ್ಲೂ ನಮ್ಮ ಲೈನ್ ಮನೆಗಳಲ್ಲಿ ಓಡಾಡುವ ಮಾತು ಸೆಟ್ಲ್‌ಮೆಂಟ್. ಮಗನಿಗೆ ಕೆಲಸ ಸಿಕ್ಕರೆ ‘ಸೆಟಲ್ ಆದ’ ಎನ್ನುತ್ತೇವೆ. ಅಪ್ಪ ಮಗಳಿಗೆ ಜಾಗ ಬರೆದುಕೊಟ್ಟರೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದು ಸೆಟ್ಲ್‌ಮೆಂಟ್ ಪತ್ರ. ಇವುಗಳಿಂದ ಯಾರಿಗೂ ಕೇಡಿಲ್ಲ. ಕೇಡಿರುವುದು ಎಸ್ಟೇಟ್ ಆಫೀಸಿನ ಮೇಜಿನ ಮೇಲೆ.

ಸಂಘದವರೂ ಮಾಲೀಕರೂ ಲೇಬರ್ ಆಫೀಸರ ಮುಂದೆ ಕೂತು ಕೂಲಿಯ ಬಗ್ಗೆ ಸಹಿ ಹಾಕುವುದೂ ಸೆಟ್ಲ್‌ಮೆಂಟೇ. 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲಿ ಅಂಥ ಒಪ್ಪಂದ ಸಂಘಕ್ಕೆ ಸೇರದವರಿಗೂ, ಮುಂದೆ ಕೆಲಸಕ್ಕೆ ಬರುವವರಿಗೂ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಂಹಿತೆಯಲ್ಲೂ ಹಾಗೆಯೇ ಇದೆ. ಈ ಸೆಟ್ಲ್‌ಮೆಂಟ್ ಎಂದರೆ ನಮಗೆ ಏರಿಯರ್ಸ್, ಸಂತೋಷ.

ನಿವೃತ್ತಿಯ ದಿನದ್ದು ಬೇರೆ. 31 ವರ್ಷ ಎಲೆ ಕಿತ್ತ ಅಕ್ಕನೊಬ್ಬರು ಒಂದು ಕಾಗದ ತಂದು ಓದಲು ಹೇಳಿದರು. ಹೆಬ್ಬೆಟ್ಟು ಆಗಲೇ ಬಿದ್ದಿತ್ತು. ಎಲ್ಲ ಲೆಕ್ಕ ತೀರಿದೆ, ಇನ್ನೇನೂ ಬಾಕಿಯಿಲ್ಲ ಎಂದು ಕೊನೆಯ ಸಾಲು. ಗ್ರಾಚುಟಿಯ ಹೆಸರೇ ಇಲ್ಲ.

‘ಸೆಟ್ಲ್‌ಮೆಂಟ್ ಬಂದಿದೆ, ಒತ್ತು ಅಂದ್ರು ತಮ್ಮಾ. ಕೂಲಿ ಏರಿದ ದುಡ್ಡು ಅಂದ್ಕೊಂಡೆ.’

ಓದಿಸದೆ ಒತ್ತಿದ್ದು ಅವರದೇ ತಪ್ಪು ಎಂದು ನಮ್ಮಲ್ಲೇ ಕೆಲವರು ಹೇಳಿದರು. ನಾನು ಒಪ್ಪುವುದಿಲ್ಲ. ಎರಡು ಅರ್ಥವೂ ಗೊತ್ತಿದ್ದವರು ಮೇಜಿನ ಆಚೆ ಇದ್ದರು. ಒಂದೇ ಅರ್ಥ ಗೊತ್ತಿದ್ದವರು ಈಚೆ ನಿಂತಿದ್ದರು.

ಗ್ರಾಚುಟಿ ದಾನವಲ್ಲ. ಐದು ವರ್ಷ ದುಡಿದು ನಿವೃತ್ತರಾದವರಿಗೆ ವರ್ಷಕ್ಕೆ 15 ದಿನದ ಕೂಲಿ, 30 ದಿನದೊಳಗೆ ಕೊಡಬೇಕೆಂದು 1972ರ ಕಾಯಿದೆ ಹೇಳಿತು. ಹೊಸ ಸಂಹಿತೆಯಲ್ಲೂ ಈ ಲೆಕ್ಕ ಉಳಿದಿದೆ. ದಿನಗೂಲಿ 400 ರೂಪಾಯಿ ಎಂದಿಟ್ಟುಕೊಂಡರೂ 31 ವರ್ಷಕ್ಕೆ 1,86,000 ರೂಪಾಯಿ! ಇದಕ್ಕೆ ವಿರುದ್ಧವಾದ ಯಾವ ಕರಾರೂ ನಿಲ್ಲದೆಂದು ಅದೇ 1972ರ ಕಾಯಿದೆ ಬರೆದಿತ್ತು. ಹಾಗಾಗಿ ಹೆಬ್ಬೆಟ್ಟು ಬಿತ್ತೆಂದು ಹಕ್ಕು ಹೋಗಲಿಲ್ಲ.

ಸಂಘದ ನಮ್ಮ ಮೇಲೂ ತಪ್ಪಿದೆ. ಜಗಳ ಬಂದಾಗ ‘ಹೋಗಿ ಸೆಟಲ್ ಮಾಡ್ಕೊಳ್ಳಿ’ ಎಂದು ನಾವೇ ಕಳಿಸುತ್ತೇವೆ. ಹಾಗೆಂದರೆ ಸಿಕ್ಕಷ್ಟಕ್ಕೆ ಬಾಯಿ ಮುಚ್ಚಿಕೊಳ್ಳಿ ಎಂದೇ ಅಲ್ಲವೇ?

ಕಾಗದದ ಮೇಲೆ ‘ಕೂಲಿ ಒಪ್ಪಂದ’, ‘ಕೊನೆಯ ಲೆಕ್ಕ’ ಎಂದು ಬೇರೆ ಬೇರೆ ಬರೆಯಲಿ, ಕನ್ನಡದಲ್ಲೂ ಬರೆಯಲಿ. ಪಿ.ಎಫ್. ಎಷ್ಟು, ಗ್ರಾಚುಟಿ ಎಷ್ಟು, ಉಳಿದ ರಜೆಯ ಕೂಲಿ ಎಷ್ಟು ಎಂಬ ಅಂಕಿ ಕಾಣುವವರೆಗೆ ಬೆರಳಿಗೆ ಮಸಿ ಹಚ್ಚಿಸಿಕೊಳ್ಳಬೇಡಿ. ‘ಯಾವ ಸೆಟ್ಲ್‌ಮೆಂಟ್, ರೈಟರೇ?’ ಎಂದು ಗಟ್ಟಿಯಾಗಿ ಕೇಳಿ.

ಆ ಅಕ್ಕನ ಅರ್ಜಿಯನ್ನು ಕಳೆದ ವಾರ ಲೇಬರ್ ಆಫೀಸಿಗೆ ಕೊಟ್ಟಿದ್ದೇವೆ. ಬಡ್ಡಿಯನ್ನೂ ಸೇರಿಸಿಯೇ ಕೇಳಿದ್ದೇವೆ.