ಸಿಂಹಗಳ ನಾಡಿನಲ್ಲಿ ಒಂದು ದಿನದ ಸಫರ್

ಸಫಾರಿ ಎಂದರೆ ನಮಗೆ ನೆನಪಾಗುವುದು ತೆರೆದ ಜೀಪು, ಕ್ಯಾಮರಾ ಮತ್ತು ಸಿಂಹ. ಆದರೆ ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಸಫಾರಿ ಎಂದರೆ ಬರೇ ಪ್ರಯಾಣ. ಪಕ್ಕದ ಊರಿಗೆ ಮದುವೆಗೆ ಹೋದರೂ ಅದು ಸಫಾರಿಯೇ. ಅರಬಿಯ 'ಸಫರ್'ನಿಂದ ಹೋದ ಪದವದು. ಮುಸಾಫಿರ್ ಎಂಬ ಮಾತು ಗೊತ್ತಿರುವ ನಮಗೆ ಅದೇನೂ ಹೊಸದಲ್ಲ. ಅಲ್ಲಿ ಪುಸ್ತಕಕ್ಕೆ ಕಿತಾಬು, ಅಂಗಡಿಗೆ ದುಕಾ, ಚಹಾಕ್ಕೆ ಚಾಯ್ ಎನ್ನುತ್ತಾರೆ. ಟಾಂಜಾನಿಯಾದಲ್ಲಿ ಇಳಿದ ಎರಡೇ ದಿನಗಳಲ್ಲಿ ನನ್ನ ಮಗಳು ಇಂತಹ ಪದಗಳ ಪಟ್ಟಿಯನ್ನೇ ಮಾಡಿದ್ದಳು.

ನನ್ನ ತಮ್ಮ ಕೆಲಸದ ನಿಮಿತ್ತ ಅಲ್ಲಿನ ಅರುಷಾ ನಗರದಲ್ಲಿದ್ದಾನೆ. ಅವನ ಒತ್ತಾಯಕ್ಕೆ ನಾವು ಹೋಗಿದ್ದೆವು. ಹಿಂದಿನ ರಾತ್ರಿ ಕರಾಟು ಎಂಬ ಪೇಟೆಯಲ್ಲಿ ತಂಗಿ, ಬೆಳಕು ಹರಿಯುವ ಮುನ್ನ ಗೊರೊಂಗೊರೊ ಕಡೆಗೆ ಹೊರಟೆವು. ನನ್ನ ತಲೆವಸ್ತ್ರ ನೋಡಿ ನಮ್ಮ ಚಾಲಕ ಸಲಾಮ್ ಹೇಳಿದ. ದೂರದ ಊರೆಂಬ ಅಂಜಿಕೆ ಅಲ್ಲಿಗೇ ಅರ್ಧ ಕಳೆಯಿತು.

ಗೊರೊಂಗೊರೊ ಹಿಂದೊಮ್ಮೆ ದೊಡ್ಡ ಜ್ವಾಲಾಮುಖಿ ಪರ್ವತ. ಇಪ್ಪತ್ತು ಮೂವತ್ತು ಲಕ್ಷ ವರ್ಷಗಳ ಹಿಂದೆ ಅದು ತನ್ನೊಳಗೆ ತಾನೇ ಕುಸಿದು ಬಾಣಲೆಯಂತಾಯಿತು. ಆಳ ಸುಮಾರು 600 ಮೀಟರ್, ತಳದ ವಿಸ್ತಾರ ಸುಮಾರು 260 ಚದರ ಕಿ.ಮೀ. ಆ ಬಾಣಲೆಯೊಳಗೆ ಹುಲ್ಲುಗಾವಲು, ಕಾಡು, ಉಪ್ಪಿನ ಸರೋವರ ಎಲ್ಲವೂ ಇವೆ. ಸುಮಾರು 25 ಸಾವಿರ ದೊಡ್ಡ ಪ್ರಾಣಿಗಳು ಅಲ್ಲಿ ಬದುಕುತ್ತವೆ. ಅಂಚಿನಲ್ಲಿ ನಿಂತಾಗ ಸ್ವೆಟರ್ ಹಾಕಿಯೂ ಮೈ ನಡುಗುತ್ತಿತ್ತು. ಮಂಜು ಸರಿದಂತೆ ಕೆಳಗೆ ಕಂಡ ಕಪ್ಪು ಚುಕ್ಕಿಗಳು ಕಲ್ಲುಗಳೆಂದುಕೊಂಡಿದ್ದೆ. ದುರ್ಬೀನಿನಲ್ಲಿ ನೋಡಿದರೆ ಕಾಡೆಮ್ಮೆಗಳು!

ಕೆಳಗಿಳಿದ ಮೇಲೆ ಕಣ್ಣಿಗೆ ಬಿಡುವೇ ಇರಲಿಲ್ಲ. ಜೀಬ್ರಾಗಳು ಒಂದರ ಬೆನ್ನ ಮೇಲೆ ಒಂದು ತಲೆಯಿಟ್ಟು ನಿಂತಿದ್ದವು. ಲೆರಾಯ್ ಕಾಡಿನ ಹಳದಿ ತೊಗಟೆಯ ಮರಗಳ ನಡುವೆ ಮುದಿ ಗಂಡಾನೆಯೊಂದು ಮೇಯುತ್ತಿತ್ತು. ಸರೋವರದ ಅಂಚು ಫ್ಲೆಮಿಂಗೋ ಹಕ್ಕಿಗಳಿಂದ ಗುಲಾಬಿಯಾಗಿತ್ತು. "ಜಿರಾಫೆ ಎಲ್ಲಿ?" ಎಂದು ಮಗಳು ಕೇಳಿದಳು. ಈ ಬಾಣಲೆಯ ತಳದಲ್ಲಿ ಜಿರಾಫೆ ಇಲ್ಲವಂತೆ.

ಹತ್ತು ಗಂಟೆಯ ಬಿಸಿಲಿಗೆ ಒಂದು ಸಿಂಹಿಣಿ ನಡೆದು ಬಂದು ನಮ್ಮ ಗಾಡಿಯ ನೆರಳಿನಲ್ಲೇ ಮಲಗಿಬಿಟ್ಟಿತು. ನಾವು ಉಸಿರು ಬಿಗಿ ಹಿಡಿದು ಕೂತೆವು. ಅದು ಮಾತ್ರ ನಮ್ಮನ್ನು ಕ್ಯಾರೇ ಅನ್ನಲಿಲ್ಲ. ಇಂತಹ ಮೃಗರಾಜನ ಸಂತತಿ ಇಲ್ಲಿ ಒಮ್ಮೆ ನೊಣಗಳಿಂದ ಅಳಿವಿನಂಚಿಗೆ ಹೋಗಿತ್ತು ಎಂದರೆ ನಂಬುತ್ತೀರಾ? 1962ರಲ್ಲಿ ಕಚ್ಚುವ ನೊಣಗಳ ಹಾವಳಿ ಎಷ್ಟಾಯಿತೆಂದರೆ ಕೊನೆಗೆ ಹತ್ತರಷ್ಟು ಸಿಂಹಗಳು ಮಾತ್ರ ಉಳಿದವು. ಅಲ್ಲಾಹನ ಸೃಷ್ಟಿಯಲ್ಲಿ ಯಾವುದು ಬಲಿಷ್ಠ, ಯಾವುದು ದುರ್ಬಲ ಎಂದು ಹೇಳುವುದಕ್ಕೆ ನಾವು ಯಾರು?

ಮಧ್ಯಾಹ್ನ ಗೊಯ್‌ಟೊಕ್‌ಟೊಕ್ ಎಂಬ ನೀರಿನ ಬುಗ್ಗೆಯ ಬಳಿ ಬುತ್ತಿ ಬಿಚ್ಚಿದೆವು. ಮಗಳು ಚಪಾತಿ ಸುರುಳಿ ಬಾಯಿಗಿಡುವಷ್ಟರಲ್ಲಿ ಹದ್ದೊಂದು ಮೇಲಿನಿಂದ ಎರಗಿ ಕಸಿದುಕೊಂಡು ಹೋಯಿತು. ಉಳಿದ ಊಟವನ್ನು ಗಾಡಿಯೊಳಗೆ ಕೂತು ಮುಗಿಸಿದೆವು.

ಬಾಣಲೆಯಿಂದ ಮೇಲೆ ಬಂದ ಮೇಲೆ ಸಂಜೆ ಮಾಸಾಯಿ ಜನರ ಹಟ್ಟಿಗೆ ಹೋದೆವು. ನಾನು ಹೇಳಬೇಕೆಂದಿರುವ ವಿಷಯ ನಿಜವಾಗಿ ಇಲ್ಲಿಂದ ಆರಂಭವಾಗುತ್ತದೆ.

ಮಾಸಾಯಿಗಳು ದನ ಕಾಯುವ ಜನ. ಹಿಂದೆ ಅವರು ಸೆರೆಂಗೆಟಿಯ ಬಯಲಿನಲ್ಲಿ ದನ ಮೇಯಿಸುತ್ತಿದ್ದರು. ಅದು ರಾಷ್ಟ್ರೀಯ ಉದ್ಯಾನವಾದ ಮೇಲೆ, 1959ರಲ್ಲಿ ಅಂದಿನ ಬ್ರಿಟಿಷ್ ಆಡಳಿತ ಅವರನ್ನು ಅಲ್ಲಿಂದ ಗೊರೊಂಗೊರೊಗೆ ಕಳುಹಿಸಿತು. ಇಲ್ಲಿ ಪ್ರಾಣಿಗಳೂ ಜನರೂ ಕೂಡಿ ಬದುಕಬಹುದು ಎಂಬುದು ಅಂದಿನ ಮಾತು. 1974ರಲ್ಲಿ ಬಾಣಲೆಯ ತಳದಲ್ಲಿ ಮನೆ ಮಾಡಿಕೊಂಡಿದ್ದವರನ್ನೂ ಎಬ್ಬಿಸಲಾಯಿತು. ಜನ, ದನ ಹೆಚ್ಚಾಗಿ ಕಾಡಿಗೆ ಭಾರವಾಗಿದೆ ಎಂದು ಹೇಳಿ 2022ರಲ್ಲಿ ಸರಕಾರ ಅವರನ್ನು ಸುಮಾರು 600 ಕಿ.ಮೀ. ದೂರದ ಮ್ಸೊಮೆರಾ ಎಂಬಲ್ಲಿಗೆ ಸಾಗಿಸತೊಡಗಿತು. ಇಷ್ಟಪಟ್ಟವರು ಮಾತ್ರ ಹೋಗುತ್ತಿದ್ದಾರೆ ಎಂದಿತು ಸರಕಾರ. ಶಾಲೆ, ಆಸ್ಪತ್ರೆಯ ಸವಲತ್ತು ಕಡಿತ ಮಾಡಿ ನಮ್ಮನ್ನು ಹೊರದಬ್ಬಲಾಗುತ್ತಿದೆ ಎಂದು ಮಾಸಾಯಿಗಳು ದೂರಿದರು. 2024ರ ಆಗಸ್ಟ್‌ನಲ್ಲಿ ಸಾವಿರಾರು ಮಂದಿ ರಸ್ತೆಗಿಳಿದು ಪ್ರತಿಭಟಿಸಿದರು.

ಇದನ್ನೆಲ್ಲ ತಮ್ಮ ನನಗೆ ಮೊದಲೇ ಹೇಳಿದ್ದ. ಆದರೂ ಹಟ್ಟಿಯೊಳಗೆ ಕಾಲಿಟ್ಟಾಗ ನಾನು ಬೆಳಗಿನ ಅಭ್ಯಾಸವನ್ನೇ ಮುಂದುವರಿಸಿದೆ. ಯುವಕರು ಎತ್ತರಕ್ಕೆ ನೆಗೆಯುವ ಕುಣಿತ, ಮಹಿಳೆಯರ ಕೊರಳ ಅಗಲವಾದ ಮಣಿಸರ, ಎಲ್ಲದಕ್ಕೂ ಕ್ಯಾಮರಾ ಹಿಡಿದೆ. ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯ ಕಡೆಗೆ ತಿರುಗಿಸಿದಾಗ ಆಕೆ ಹೊದ್ದ ಬಟ್ಟೆಯಿಂದ ಮುಖ ಮುಚ್ಚಿಕೊಂಡಳು. "ಉಮ್ಮಾ, ಕೇಳಿ ತೆಗೆಯಬೇಕಿತ್ತು" ಎಂದಳು ಮಗಳು. ನನ್ನ ಕೈ ತಾನಾಗಿ ಕೆಳಗಿಳಿಯಿತು. ಮದುವೆ ಮನೆಯಲ್ಲಿ ಗುರುತಿಲ್ಲದವರು ಮೊಬೈಲ್ ಎತ್ತಿದರೆ ಸಿಡಿಮಿಡಿಗೊಳ್ಳುವವಳು ನಾನು. ಆ ಅಜ್ಜಿಗೂ ಮುಖವೊಂದಿದೆ ಎಂಬುದು ನನಗೇಕೆ ಹೊಳೆಯಲಿಲ್ಲ?

ಅಷ್ಟರಲ್ಲಿ ಐದಾರು ವರ್ಷದ ಹುಡುಗಿಯೊಬ್ಬಳು ಬಂದು ನನ್ನ ಮುಂದೆ ತಲೆ ತಗ್ಗಿಸಿ ನಿಂತಳು. ತಿಂಡಿ ಕೇಳುತ್ತಿದ್ದಾಳೆ ಎಂದುಕೊಂಡು ಚೀಲದಿಂದ ಬಿಸ್ಕೆಟ್ ತೆಗೆದೆ. ಚಾಲಕ ನಕ್ಕ. "ಅವಳು ಏನೂ ಕೇಳುತ್ತಿಲ್ಲ. ದೊಡ್ಡವರಿಗೆ ಮಕ್ಕಳು ಹೀಗೆಯೇ ವಂದಿಸುವುದು. ತಲೆಯ ಮೇಲೆ ಕೈಯಿಡಿ" ಎಂದ. ನಾನು ಕೈಯಿಟ್ಟೆ. ಅವಳು ಮಗಳ ಬಳಿಗೆ ಓಡಿದಳು. ನಾನು ಬಿಸ್ಕೆಟ್ ಹಿಡಿದು ನಿಂತೇ ಇದ್ದೆ.

ಬಳಿಕ ಒಬ್ಬ ಮಹಿಳೆ ತನ್ನ ಮನೆಯೊಳಗೆ ಕರೆದಳು. ಬಗ್ಗಿಯೇ ಹೋಗಬೇಕು. ರೆಂಬೆಗಳ ಚೌಕಟ್ಟಿಗೆ ಮಣ್ಣು, ಸೆಗಣಿ ಮೆತ್ತಿದ ಗೋಡೆ. ಸೆಗಣಿ ಸಾರಿಸಿದ ನನ್ನ ಅಜ್ಜಿಯ ಮನೆಯ ವಾಸನೆ ನೆನಪಾಯಿತು. ಮಾಸಾಯಿಗಳಲ್ಲಿ ಮನೆ ಕಟ್ಟುವವರು ಮಹಿಳೆಯರೇ. ಇಂಗ್ಲಿಷ್ ಬಲ್ಲ ಯುವಕನ ಮೂಲಕ ಆಕೆ ನನ್ನನ್ನು ಕೇಳಿದಳು, "ನಿನ್ನ ಮನೆಯನ್ನು ನೀನೇ ಕಟ್ಟಿದ್ದಾ?" ಇಲ್ಲ, ಗುತ್ತಿಗೆದಾರ ಕಟ್ಟಿದ್ದು ಎಂದೆ. ಆಕೆ ಮನಸಾರೆ ನಕ್ಕಳು. ನನಗೂ ನಗು ಬಂತು.

"ಇದನ್ನು ಬಿಟ್ಟು ಹೋಗಬೇಕಾಗಿ ಬಂದರೆ?" ಎಂದು ಹಿಂಜರಿಯುತ್ತಾ ಕೇಳಿದೆ. ಆಕೆ ಒಲೆಯ ಕೊಳ್ಳಿಯನ್ನು ಮುಂದೆ ತಳ್ಳಿದಳು. "ಮನೆಯನ್ನು ಎಲ್ಲಿಯೂ ಕಟ್ಟುತ್ತೇನೆ. ಆದರೆ ನನ್ನ ಹೆರಿಗೆಗೆ ಓಡಿ ಬಂದ ನೆರೆಯವಳು ಅಲ್ಲಿ ಇರುತ್ತಾಳಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಹೊರಡುವಾಗ ಆಕೆ ಪೋಣಿಸಿದ ಮಣಿಯ ಬಳೆಯೊಂದನ್ನು ಚೌಕಾಸಿ ಮಾಡದೆ ಕೊಂಡುಕೊಂಡೆ. ಮೂಲೆಯಲ್ಲಿದ್ದ ಅಜ್ಜಿಯ ಬಳಿ ಹೋಗಿ ಕೈ ಹಿಡಿದು ಕ್ಷಮೆ ಕೇಳಿದೆ. ನನ್ನ ಮಾತು ಅರ್ಥವಾಯಿತೋ ಇಲ್ಲವೋ, ಆಕೆ ನನ್ನ ಕೈಯನ್ನು ಎರಡು ಸಲ ತಟ್ಟಿದಳು.

ಪ್ರಾಣಿಗಳು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವುಗಳ ಜೊತೆ ತಲೆಮಾರುಗಳಿಂದ ಬದುಕಿದವರನ್ನು ಕೇಳದೆ ಅವರ ಒಲೆಯನ್ನು ಆರಿಸಬಾರದು. ಸಹೋದರಿಯರೇ, ನಮ್ಮಲ್ಲಿ ಎಲ್ಲರಿಗೂ ಆಫ್ರಿಕಾಕ್ಕೆ ಹೋಗುವ ಅವಕಾಶ ಸಿಗಲಾರದು. ಆದರೆ ಪ್ರಯಾಣ ಎಲ್ಲಿಗೇ ಇರಲಿ, ಕ್ಯಾಮರಾ ಎತ್ತುವ ಮೊದಲು ಅನುಮತಿ ಕೇಳೋಣ. ಒಂದು ಮಗು ತಲೆ ತಗ್ಗಿಸಿ ಮುಂದೆ ನಿಂತರೆ ಚೀಲಕ್ಕೆ ಕೈ ಹಾಕುವ ಮೊದಲು ಅದರ ತಲೆಯ ಮೇಲೆ ಕೈಯಿಡೋಣ.