ಸಂಸಾರ ಚಿಂತನ: ಹಳೆಯ ಬಡಾವಣೆಯಲ್ಲಿ ಮನೆ ಕೊಳ್ಳುವ ಮುನ್ನ

ಕಳೆದ ತಿಂಗಳು ದಾವಣಗೆರೆಯಿಂದ ನಮ್ಮ ಹಿರಿಯ ಬಂಧುವೊಬ್ಬರು ಪತ್ನೀಸಮೇತರಾಗಿ ಬೆಂಗಳೂರಿಗೆ ಬಂದಿದ್ದರು. 34 ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಭವಿಷ್ಯನಿಧಿ, ಗ್ರಾಚ್ಯುಟಿ ಹಾಗೂ ಊರ ಹೊರಗಿನ ನಿವೇಶನ ಮಾರಿದ ಹಣ, ಇವೆಲ್ಲವನ್ನೂ ಒಟ್ಟುಗೂಡಿಸಿ ಮಲ್ಲೇಶ್ವರದಲ್ಲೊಂದು ಫ್ಲ್ಯಾಟು ಕೊಳ್ಳಬೇಕೆಂಬುದು ಅವರ ಸಂಕಲ್ಪ. "ಬಾಡಿಗೆಯಿಂದ ನಮ್ಮಿಬ್ಬರ ಜೀವನ ನಡೆಯುತ್ತದೆ, ಬೆಲೆ ಏರಿದರೆ ಮುಂದೆ ಮಕ್ಕಳಿಗಾಗುತ್ತದೆ" ಎಂದರು. ಅವರೊಡನೆ ನಾಲ್ಕು ದಿನ ಅಡ್ಡರಸ್ತೆಗಳನ್ನು ಸುತ್ತಿ ಕಂಡುಕೊಂಡದ್ದನ್ನು ಈ ಸಲ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದೆರಗಿದಾಗ, ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನರಿಗೆ ಆಶ್ರಯವಾಗಿ ಬೆಳೆದ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ಅಂದು ಊರ ಅಂಚಾಗಿದ್ದ ಮಲ್ಲೇಶ್ವರ ಇಂದು ನಗರದ ನಡುವಿದೆ. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಮೆಟ್ರೋ ರೈಲು ಓಡತೊಡಗಿತು. ಹಂಚಿನ ಮನೆ, ಅಂಗಳದ ಬಾವಿ, ಮಾವಿನ ಮರಗಳಿದ್ದ ಎಷ್ಟೋ ನಿವೇಶನಗಳಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡಗಳೆದ್ದಿವೆ. ಮಕ್ಕಳು ದೂರದೇಶಗಳಲ್ಲಿ ನೆಲೆಸಿದ್ದಾರೆ; ಹಳೆಯ ಮನೆಯ ದುರಸ್ತಿ ವೃದ್ಧರ ಕೈಲಾಗದು; ಅಣ್ಣತಮ್ಮಂದಿರು ಒಂದೇ ಮನೆಯನ್ನು ಕತ್ತರಿಸಿ ಹಂಚಿಕೊಳ್ಳಲಾರರು. ಆದುದರಿಂದ ನಿರ್ಮಾಪಕನೊಡನೆ ಜಂಟಿ ಅಭಿವೃದ್ಧಿ ಒಪ್ಪಂದ ಮಾಡಿಕೊಂಡು, ಅರ್ಧ ಫ್ಲ್ಯಾಟುಗಳನ್ನು ತಾವಿಟ್ಟುಕೊಂಡು ಉಳಿದರ್ಧವನ್ನು ಆತನ ಪಾಲಿಗೆ ಬಿಡುವುದು ಸಾಮಾನ್ಯವಾಗಿದೆ. ಹೊರಗಿನವರು ಕೊಳ್ಳುವುದು ಬಹುಮಟ್ಟಿಗೆ ಆ ಉಳಿದರ್ಧವನ್ನು.

ಇಲ್ಲಿ ಮೊದಲು ಅರಿಯಬೇಕಾದ ಮಾತೊಂದಿದೆ. ಇಂಥ ಬಡಾವಣೆಯಲ್ಲಿ ಬೆಲೆ ಏರುವುದು ನೆಲಕ್ಕೆ, ಗೋಡೆಗಲ್ಲ. ಕಟ್ಟಡ ವರುಷ ವರುಷಕ್ಕೂ ಸವೆಯುತ್ತದೆ. ಆದ್ದರಿಂದ ಫ್ಲ್ಯಾಟು ಎಷ್ಟು ಚದರಡಿ ಎಂದು ಕೇಳುವಂತೆಯೇ, ಅದರೊಡನೆ ಬರುವ ನೆಲದ ಅವಿಭಜಿತ ಪಾಲು ಎಷ್ಟೆಂದೂ ಕೇಳಬೇಕು. 60 ಅಡಿ, 40 ಅಡಿಯ ನಿವೇಶನವೆಂದರೆ 2,400 ಚದರಡಿ. ಅದರಲ್ಲಿ ಸಮನಾದ ಎಂಟು ಫ್ಲ್ಯಾಟುಗಳೆದ್ದರೆ ಒಂದಕ್ಕೆ ದಕ್ಕುವ ನೆಲ 300 ಚದರಡಿ ಮಾತ್ರ; ನಾಲ್ಕೇ ಇದ್ದರೆ 600. ಕ್ರಯಪತ್ರದಲ್ಲಿ ಈ ಪಾಲು ಅಂಕಿಯಲ್ಲಿ ನಮೂದಾಗಿರಬೇಕು.

ಇನ್ನು ಬಾಡಿಗೆಯ ಲೆಕ್ಕ. ಫ್ಲ್ಯಾಟಿನ ಬೆಲೆ 1 ಕೋಟಿ 20 ಲಕ್ಷ, ತಿಂಗಳ ಬಾಡಿಗೆ 30,000 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 3 ಲಕ್ಷ 60 ಸಾವಿರ, ಅಂದರೆ ಶೇಕಡಾ 3. ಆಸ್ತಿ ತೆರಿಗೆ, ನಿರ್ವಹಣೆ, ಮನೆ ಖಾಲಿ ಇರುವ ತಿಂಗಳು, ಇವನ್ನು ಕಳೆದರೆ ಇನ್ನೂ ಕಡಿಮೆ. ಕೊಳ್ಳುವಾಗಿನ ಖರ್ಚು ಬೇರೆ. ಮುದ್ರಾಂಕ ಶುಲ್ಕ ಮೇಲ್ತೆರಿಗೆಗಳೂ ಸೇರಿ ಶೇಕಡಾ 5.6; ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 1ರ ಬದಲು 2. ಒಟ್ಟು 9 ಲಕ್ಷ 12 ಸಾವಿರ, ಎರಡೂವರೆ ವರ್ಷದ ಬಾಡಿಗೆ! ಬೆಲೆಯ ಏರಿಕೆಯನ್ನು ಹತ್ತು ಹದಿನೈದು ವರ್ಷ ಕಾಯಬಲ್ಲವರಿಗೆ ಇದು ಹೊರೆಯಾಗದಿರಬಹುದು. ತಿಂಗಳ ಖರ್ಚಿಗೆ ಬಾಡಿಗೆಯನ್ನೇ ನೆಚ್ಚುವ ನಿವೃತ್ತರು ಮಾತ್ರ ಎರಡು ಬಾರಿ ಯೋಚಿಸಬೇಕು. ಇದನ್ನು ಕೇಳಿ ನಮ್ಮ ಮೇಷ್ಟರು ಬಹಳ ಹೊತ್ತು ಸುಮ್ಮನಿದ್ದರು.

"ರೇರಾ ಇದೆಯಲ್ಲ, ಸರ್ಕಾರ ನೋಡಿಕೊಳ್ಳುತ್ತದೆ" ಎಂಬ ಭರವಸೆ ಅನೇಕರಿಗಿದೆ. 2016ರ ಆ ಕಾಯಿದೆ ಕೊಳ್ಳುವವರಿಗೆ ರಕ್ಷಣೆಯಾಗಿರುವುದು ನಿಜ. ಆದರೆ ನೆಲ 500 ಚದರ ಮೀಟರಿಗೆ ಮೀರದಿದ್ದರೆ, ಅಥವಾ ಫ್ಲ್ಯಾಟುಗಳು ಎಂಟಕ್ಕೆ ಮೀರದಿದ್ದರೆ, ಯೋಜನೆಯನ್ನು ನೋಂದಾಯಿಸುವ ನಿರ್ಬಂಧವಿಲ್ಲ. ಮೇಲೆ ಹೇಳಿದ ನಿವೇಶನ ಸುಮಾರು 223 ಚದರ ಮೀಟರು. ಎಂದರೆ ಹಳೆಯ ಬಡಾವಣೆಯ ಇಂಥ ಪುಟ್ಟ ಕಟ್ಟಡಗಳೇ ಆ ನೋಂದಣಿಯಿಂದ ಹೊರಗುಳಿಯುತ್ತವೆ. ಅಲ್ಲಿ ಕೊಳ್ಳುವವರೇ ಕಣ್ಣಾಗಿರಬೇಕು. ಮಂಜೂರಾದ ನಕ್ಷೆ, ಅದರಂತೆಯೇ ಎದ್ದ ಅಂತಸ್ತುಗಳು, ಸ್ವಾಧೀನಾನುಭವ ಪತ್ರ, ಇ-ಖಾತಾ, ಇವನ್ನು ನಮ್ಮವರೇ ಆದ ವಕೀಲರಿಗೆ ತೋರಿಸಬೇಕು. ನಿರ್ಮಾಪಕರು ಸೂಚಿಸಿದ ವಕೀಲರಿಗಲ್ಲ.

ಕೊನೆಯದು ಎಲ್ಲಕ್ಕಿಂತ ಗಹನವಾದುದು. ನಮ್ಮ ಬಂಧುಗಳಿಗೆ ಹಿಡಿಸಿದ ಫ್ಲ್ಯಾಟಿನ ಕಾಗದಗಳು ಅಚ್ಚುಕಟ್ಟಾಗಿದ್ದವು. ಋಣಭಾರ ಪತ್ರದಲ್ಲಿ ಯಾವ ಕಳಂಕವೂ ಇರಲಿಲ್ಲ. ಒಪ್ಪಂದಕ್ಕೆ ಮೂವರು ಸಹೋದರರ ರುಜು ಇತ್ತು. ಶುಕ್ರವಾರದೊಳಗೆ ಐದು ಲಕ್ಷ ಮುಂಗಡ ಕೊಡಬೇಕೆಂದು ಒತ್ತಾಯವೂ ಇತ್ತು. ವಂಶವೃಕ್ಷ ತರಿಸಿ ನೋಡಿದಾಗ ಗದಗಿಗೆ ಮದುವೆಯಾಗಿ ಹೋದ ಸಹೋದರಿಯೊಬ್ಬರಿರುವುದು ತಿಳಿಯಿತು. "ಅವಳ ಮದುವೆಯಲ್ಲೇ ಕೊಡಬೇಕಾದ್ದನ್ನೆಲ್ಲ ಕೊಟ್ಟಾಗಿದೆ" ಎಂದರು ಹಿರಿಯಣ್ಣ. ಆಗ ನಮ್ಮ ಬಂಧುಗಳ ಧರ್ಮಪತ್ನಿಯವರು ಕೇಳಿದ್ದು ಒಂದೇ ಮಾತು: "ಆ ತಾಯಿಯನ್ನು ಯಾರಾದರೂ ಕೇಳಿದ್ದೀರಾ?"

ಯಾರೂ ಕೇಳಿರಲಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅದು ಜಾರಿಗೆ ಬಂದ ಮೇಲೆ ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು. ಪಿತ್ರಾರ್ಜಿತದಲ್ಲಿ 1994ರಲ್ಲಿ ಕರ್ನಾಟಕ ಅವಿವಾಹಿತ ಹೆಣ್ಣುಮಕ್ಕಳಿಗೂ, 2005ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಜನ್ಮತಃ ಹಕ್ಕು ಕೊಟ್ಟವು. 2005ರಲ್ಲಿ ತಂದೆ ಬದುಕಿರಬೇಕಿರಲಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಮದುವೆಯ ಖರ್ಚಿನಿಂದ ಈ ಹಕ್ಕು ತೀರದು. ಋಣಭಾರ ಪತ್ರ ನೋಂದಾಯಿತ ವ್ಯವಹಾರಗಳನ್ನಷ್ಟೇ ಹೇಳುತ್ತದೆ. ಕೇಳದೆ ಬಿಟ್ಟ ಮಗಳ ಹೆಸರು ಅದರಲ್ಲಿರುವುದಿಲ್ಲ. ನಾಳೆ ಆಕೆ ಪಾಲಿನ ದಾವೆ ಹೂಡಿದರೆ, ಕೊಂಡವರೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ನಮ್ಮ ಬಂಧುಗಳು ಮುಂಗಡ ಕೊಡಲಿಲ್ಲ. ಆ ಸಹೋದರಿ ಒಪ್ಪಂದಕ್ಕೆ ರುಜು ಹಾಕಿದ ಮೇಲೆ, ಇಲ್ಲವೇ ತಾವಾಗಿಯೇ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿಕೊಟ್ಟ ಮೇಲೆ ಬರುವುದಾಗಿ ಹೇಳಿ ದಾವಣಗೆರೆಗೆ ಮರಳಿದರು. ಸದ್ಯ ಹಣ ಬ್ಯಾಂಕಿನ ಠೇವಣಿಯಲ್ಲಿದೆ.

ಹಳೆಯ ಮನೆಗಳನ್ನು ಉಳ್ಳ ಕುಟುಂಬಗಳಿಗೂ ನನ್ನ ವಿನಂತಿ ಇದೇ. ನಿರ್ಮಾಪಕನನ್ನು ಮನೆಗೆ ಕರೆಯುವ ಮೊದಲು ಅಕ್ಕತಂಗಿಯರನ್ನು ಕರೆಯಿರಿ. ಆ ಅಂಗಳದಲ್ಲಿ ಅವರೂ ಆಡಿ ಬೆಳೆದವರು.